ತಿರುವಲೇನ್ರಿ?

ಶಿಷ್ಯನೊಬ್ಬ ಕೇಳಿದ: "ಅಪ್ಪಾವ್ರೇ, ತೀರಿಹೋದವರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದರೆ, ಹೋದವರನ್ನು ಮರೆತ ಹಾಗಲ್ಲವೇ?"

ಈ ಶಿಷ್ಯ ಮಠದಲ್ಲಿ ಏಕತಾರಿ ನುಡಿಸುವವನು. ಅವನ ಜೊತೆ ತಾಳ ಹಾಕುತ್ತಿದ್ದ ಗೆಳೆಯ ಹಿಂದಿನ ಸುಗ್ಗಿಯಲ್ಲಿ ತೀರಿಕೊಂಡಿದ್ದ. ಆ ತಾಳಗಳನ್ನು ಶಿಷ್ಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಅಂದಿನಿಂದ ಮಠದಲ್ಲಿ ಭಜನೆ ಇರಲಿಲ್ಲ.

ಗುರುಗಳು ಕತೆ ಹೇಳಿದರು.

"ತಿರುವಲೇನ್ರಿ?" ಇದು ಒಬ್ಬ ಲಾರಿಯವನಿಗೆ ಅವನ ಹೆಂಡತಿ ಆಡಿದ ಕೊನೆಯ ಮಾತು.

ಲಾರಿ ಅವನಪ್ಪನ ಕಾಲದ್ದು. ಉದ್ದ ಮೂಗಿನದು, ಪೆಟ್ರೋಲಿನದು. ಅದು ಕೆಟ್ಟು ನಿಂತಾಗಲೆಲ್ಲ ಅವನು ಬಾನೆಟ್ಟು ಎತ್ತಿ ತಲೆ ಒಳಗೆ ಹಾಕುತ್ತಿದ್ದ. ಅವಳು ಕ್ಯಾಬಿನ್ ಹತ್ತಿ ಕೀಲಿಕೈ ಹಿಡಿದು ಕೂರುತ್ತಿದ್ದಳು. "ತಿರುವಲೇನ್ರಿ?" ಎಂದು ಕೂಗುತ್ತಿದ್ದಳು. "ತಿರುವು" ಎಂದರೆ ತಿರುವುತ್ತಿದ್ದಳು, "ತಡಿ" ಎಂದರೆ ತಡೆಯುತ್ತಿದ್ದಳು. ಅವರ ಸಂಸಾರದ ಮಾತುಕತೆಯಲ್ಲಿ ಅರ್ಧ ಇಷ್ಟೇ. ಉಳಿದರ್ಧ ಜಗಳ. ಎರಡರಲ್ಲೂ ಸುಖವಿತ್ತು.

ಜ್ವರ ನೆತ್ತಿಗೇರಿದ ದಿನ ಅವಳಿಗೆ ತಾನು ಹಾಸಿಗೆಯಲ್ಲಿರುವುದು ತಿಳಿಯಲಿಲ್ಲ. ಕೈ ಮುಂದೆ ಚಾಚಿ, ಬೆರಳು ಕೂಡಿಸಿ, "ತಿರುವಲೇನ್ರಿ?" ಎಂದಳು. ಅವನು ಆ ಕೈ ಹಿಡಿದು "ತಡಿ" ಎಂದ. ಅದೊಂದೇ ಸಲ ಅವಳು ತಡೆಯಲಿಲ್ಲ.

ಆಮೇಲೆ ಲಾರಿಯೂ ನಿಂತಿತು. ಕೀಲಿಕೈ ತಿರುವಿದರೆ ಸೆಲ್ಫು ಮೋಟಾರು ತಿರುಗುತ್ತದೆ, ಇಂಜಿನ್ನು ಹತ್ತುವುದಿಲ್ಲ. ಅವನು ಕಿಡಿ ಹೊಡೆಸುವ ಕಾಯಿಲ್ ಬದಲಿಸಿದ. ಪಾಯಿಂಟು ಉಜ್ಜಿದ. ಪ್ಲಗ್ಗು ಹೊಸದು ಹಾಕಿದ. ಹತ್ತಲಿಲ್ಲ. ಒಂದು ಬಲ್ಬಿಗೆ ತಂತಿ ಕಟ್ಟಿ, ಕಾಯಿಲಿಗೆ ಕರೆಂಟು ಬರುತ್ತದೆಯೇ ಎಂದು ಹಿಡಿದು ನೋಡಿದ. ಬಲ್ಬು ಚೆನ್ನಾಗಿಯೇ ಉರಿಯಿತು. ಹಾಗಾದರೆ ವಯರು ಸರಿ ಇದೆ ಎಂದುಕೊಂಡ. ಬಲ್ಬನ್ನು ಅಲ್ಲೇ ಸಿಕ್ಕಿಸಿ, ಓಡಿಹೋಗಿ ಕೀಲಿಕೈ ತಿರುವಿದ. ಹತ್ತಲಿಲ್ಲ. ಓಡಿಬಂದು ನೋಡಿದ. ಬಲ್ಬು ಉರಿಯುತ್ತಲೇ ಇತ್ತು.

ನಾವು ತಿರುವುತ್ತೇವೆ ಎಂದು ನೆರೆಯವರು ಬಂದರು. ಅವನು ಯಾರನ್ನೂ ಹತ್ತಿಸಲಿಲ್ಲ. ಅವಳು ಕೂರುತ್ತಿದ್ದ ಸೀಟಿನ ಮೇಲೆ ಅವಳದೇ ಕೌದಿ ಹೊದಿಸಿದ್ದ. ತಾನೂ ಕೂರದೆ, ಕೆಳಗಿನ ಮೆಟ್ಟಿಲ ಮೇಲೆ ನಿಂತು, ಕೈ ಚಾಚಿ ತಿರುವುತ್ತಿದ್ದ.

ಆ ಲಾರಿ ಹೊರುತ್ತಿದ್ದುದು ಕುಂಬಾರರ ಮಡಕೆ. ಬೇಸಿಗೆ ಕಾಲಿಟ್ಟಿತ್ತು. ಸುಟ್ಟು ತೆಗೆದ ಮಡಕೆಗಳು ಓಣಿ ತುಂಬ ಕೂತಿದ್ದವು. ಬೇರೆ ಲಾರಿಯವರು ಮಡಕೆ ಎಂದರೆ ದೂರದಿಂದಲೇ ಕೈ ಮುಗಿಯುತ್ತಿದ್ದರು. ಹೇರುವಾಗ ಮಡಕೆ, ಇಳಿಸುವಾಗ ಒಡೆದ ಬೋಕಿ. ಆ ಬೈಗುಳ ಯಾರಿಗೆ ಬೇಕು? ಇವನೊಬ್ಬನೇ ಹುಲ್ಲು ಹಾಸಿ, ಕೂಸನ್ನು ಒಯ್ದ ಹಾಗೆ ಒಯ್ಯುತ್ತಿದ್ದ. ಇವನೇ ಈಗ ಸೋತ. ನಾಳೆ ಬಂದು ಲಾರಿ ಒಡೆದುಕೊಂಡು ಹೋಗು ಎಂದು ಗುಜರಿಯವನಿಗೆ ಹೇಳಿಕಳಿಸಿದ.

ಸುದ್ದಿ ಕೇಳಿ ಕುಂಬಾರರ ಮುದುಕಿ ತುಂಗವ್ವ ಬಂದಳು. ಅವನು ಲಾರಿಯ ಮೂಗಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೂಗಿಗೆ ಓಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಲಾರಿಗಿಂತ ನೀನೇ ಚಲೋ ಓಡ್ತೀಯಲ್ಲೋ ತಮ್ಮಾ. ನಿನ್ನ ಬೆನ್ನ ಮೇಲೇ ಮಡಕೆ ಹೇರ್ತೀವಿ, ಸಂತೆಗೆ ಹೋಗಿಬಿಡು."

"ನಗಬ್ಯಾಡಬೇ. ಮಾಡೋದೆಲ್ಲ ಮಾಡೀನಿ."

"ಎಲ್ಲಾ ಮಾಡಿದಿ, ಒಬ್ಬರನ್ನ ಹತ್ತಿಸಲಿಲ್ಲ. ನಾಳೆ ಗುಜರಿಯವ ಸುತ್ತಿಗೆ ಹಿಡಕೊಂಡು ಹತ್ತತಾನ. ಅವ ಹತ್ತಬಹುದು, ನಾ ಹತ್ತಬಾರದೇನು?"

ಮುದುಕಿ ಉತ್ತರಕ್ಕೆ ಕಾಯಲಿಲ್ಲ. ಮೊಣಕಾಲು ಬೈದುಕೊಳ್ಳುತ್ತ ಹತ್ತಿ, ಕೌದಿಯ ಮೇಲೇ ಕೂತಳು. ಅವನು ತಲೆ ತಗ್ಗಿಸಿ ಬಾನೆಟ್ಟಿನ ಹತ್ತಿರ ಬಂದ. ಕಾಯಿಲಿಗೆ ಬಲ್ಬು ಹಿಡಿದ. ಉರಿಯಿತು.

ಮೇಲಿನಿಂದ ಮುದುಕಿ ಕೂಗಿದಳು: "ತಿರುವಲೇನೋ?"

ಅವನ ಬಾಯಿಗೆ ಬಂದದ್ದು "ತಡಿ" ಎಂಬ ಮಾತು. ಅದು ಅಂದಿನಿಂದ ಅವನ ಬಾಯಲ್ಲೇ ಇತ್ತು. ಅದನ್ನು ನುಂಗಿದ. ಉಸಿರು ತೆಗೆದುಕೊಂಡ.

"ತಿರುವಬೇ" ಎಂದ.

ಅವಳು ತಿರುವಿದಳು. ಇಂಜಿನ್ನು ಮೈ ಅಲುಗಿಸಿತು. ಬಲ್ಬು ಆರಿತು. ಅವಳು ಬಿಟ್ಟಳು. ಇಂಜಿನ್ನು ನಿಂತಿತು. ಬಲ್ಬು ಮತ್ತೆ ಉರಿಯಿತು.

ಅವನು ವಯರಿನ ಮೇಲೆ ಬೆರಳಿಟ್ಟುಕೊಂಡೇ ಹೋದ. ಕ್ಯಾಬಿನ್ ತಗಡಿನ ತೂತಿನಲ್ಲಿ ಅದು ನುಸುಳುವ ಕಡೆ ಬೆರಳಿಗೆ ಮೆತ್ತಗೆ ತಾಕಿತು. ಮೇಲೆ ಇಡಿಯಾಗಿ ಕಾಣುವ ವಯರು ಒಳಗೆ ತುಂಡಾಗಿತ್ತು. ಇಂಜಿನ್ನು ಸುಮ್ಮನಿದ್ದರೆ ತುಂಡುಗಳು ಒಂದಕ್ಕೊಂದು ತಾಕಿಕೊಂಡಿರುತ್ತಿದ್ದವು. ಅಲುಗಿತೋ, ಬಿಟ್ಟುಕೊಳ್ಳುತ್ತಿದ್ದವು. ಅಲುಗಿಸುವಾಗ ಅವನು ಬಾಗಿಲಲ್ಲಿರುತ್ತಿದ್ದ. ಬಲ್ಬಿನ ಮುಂದೆ ಬರುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು.

ವಯರು ಹೆರೆದು, ಹೊಸೆದು, ಟೇಪು ಸುತ್ತಿದ. ತೂತಿಗೆ ಹಳೇ ಟ್ಯೂಬಿನ ತುಂಡು ತುರುಕಿದ. ಈ ಸಲ ಮುದುಕಿ ಕೇಳುವ ಮೊದಲೇ "ತಿರುವು" ಎಂದು ಕೂಗಿದ.

ಲಾರಿ ಕೆಮ್ಮಿತು. ಕರಿ ಹೊಗೆ ಉಗುಳಿತು. ಹತ್ತಿತು. ಓಣಿಯ ಖಾಲಿ ಮಡಕೆಗಳೆಲ್ಲ ಗುಂಯ್ ಎಂದವು. ಕುಂಬಾರರು ಕೈಮಣ್ಣು ತೊಳೆಯದೆ ಓಡಿ ಬಂದರು. ತುಂಗವ್ವನ ಕೈಗೆ ಹಾರ್ನು ಸಿಕ್ಕಿತು. ಸಿಕ್ಕಿದ್ದನ್ನು ಅವಳು ಬಿಡಲಿಲ್ಲ. ಲಾರಿಯವನು ನಕ್ಕ. ಕಣ್ಣೊರೆಸಿಕೊಂಡ. ಮುಖವೆಲ್ಲ ಗ್ರೀಸಾಯಿತು. ಅದನ್ನು ನೋಡಿ ಎಲ್ಲರೂ ನಕ್ಕರು.

ಮರುದಿನ ಬೆಳಿಗ್ಗೆ ಅವನು ಕೌದಿಯನ್ನು ಕೊಡವಿ, ಮಡಿಸಿ, ಪಕ್ಕದ ಸೀಟಿನಲ್ಲಿ ಕೂತ ತುಂಗವ್ವನ ಬೆನ್ನಿಗೆ ಆನಿಸಿದ. ಮಡಕೆ ಹೇರಿಕೊಂಡು ಹೊರಟ. ಊರ ಹೊರಗೆ ಗುಜರಿಯವನು ಸೈಕಲ್ಲಿಗೆ ಸುತ್ತಿಗೆ ಕಟ್ಟಿಕೊಂಡು ಎದುರಿಗೆ ಬರುತ್ತಿದ್ದ. ಲಾರಿಯವನು ನಿಲ್ಲಿಸಿ, ಅವನನ್ನೂ ಸೈಕಲ್ಲನ್ನೂ ಮೇಲಕ್ಕೆ ಹತ್ತಿಸಿಕೊಂಡ. ಸುತ್ತಿಗೆಯನ್ನು ಮಾತ್ರ ತನ್ನ ಕಾಲ ಕೆಳಗೆ ಇಟ್ಟುಕೊಂಡ. ಮಡಕೆಗಳ ನಡುವೆ ಗುಜರಿಯವನನ್ನು ಕೂರಿಸಿಕೊಂಡು ಲಾರಿ ಸಂತೆಗೆ ಹೋಯಿತು.

ಕತೆ ಮುಗಿಸಿ ಗುರುಗಳು ಎದ್ದು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದರು: "ತೆಗೆಯಲೇನಪ್ಪಾ?"

ಶಿಷ್ಯ ಉಡಿದಾರದಲ್ಲಿ ಕೀಲಿಕೈಯ ಗಂಟು ಹುಡುಕುತ್ತಿದ್ದ.