ತೋಂಟಯ್ಯ ಕೆಳಗಿಡದ ಮಾಲೆ

ಹೊಳೆ ಕೆಳಗೆ, ಆಶ್ರಮ ಮೇಲೆ, ನಡುವೆ ಕಲ್ಲಿನ ಮೆಟ್ಟಿಲು. ಕೊಡ ಹೊತ್ತು ಆ ಮೆಟ್ಟಿಲು ಹತ್ತುವುದು ಶಿಷ್ಯ ತೋಂಟಯ್ಯನ ಸೇವೆ.

ಆ ಆಶ್ರಮದಲ್ಲೊಂದು ಪದ್ಧತಿಯಿತ್ತು. ದೀಕ್ಷೆ ಬೇಕೆನ್ನುವವನು ಬೆಳಗಿನ ಪೂಜೆ ಮುಗಿಯುವವರೆಗೆ ಗೋಡೆಗೆ ಒರಗದೆ ನೆಟ್ಟಗೆ ಕೂತಿರಬೇಕು. ಅಷ್ಟೇ. ಅಯ್ಯೋ, ಅಷ್ಟೂ ತೋಂಟಯ್ಯನ ಕೈಲಿ ಆಗುತ್ತಿರಲಿಲ್ಲ! ಮಂಗಳಾರತಿಗೆ ಮೊದಲೇ ಸೊಂಟದಲ್ಲಿ ಛಳಕ್ ಎನ್ನುತ್ತಿತ್ತು, ಅವನು ನೆಲಕ್ಕೆ ಕೈಯೂರುತ್ತಿದ್ದ.

ಗುರು ನಿರಂಜನಜ್ಜ ಕೀಲು ಸರಿಮಾಡುವುದರಲ್ಲಿ ಪಳಗಿದವರು. ಕತ್ತು ಹಿಡಿದವರು, ಕಾಲು ಉಳುಕಿದವರು ಸುತ್ತಲ ಹಳ್ಳಿಗಳಿಂದ ಅವರ ಜಗಲಿಗೇ ಬರುತ್ತಿದ್ದರು. ತೋಂಟಯ್ಯನನ್ನೂ ಚಾಪೆಯ ಮೇಲೆ ಬೋರಲು ಮಲಗಿಸಿದರು. ಬೆನ್ನುದ್ದಕ್ಕೂ ಅಂಗೈ ಆಡಿಸಿ, ಒಂದು ಕಡೆ ಒತ್ತಿದರು. ಲಟಕ್ ಎಂದಿತು.

"ಅಬ್ಬಾ! ಹೋದ ಜೀವ ಬಂತು ಅಜ್ಜಾ."

ವಾರ ಕಳೆಯುವುದರೊಳಗೆ ನೋವು ಮತ್ತೆ ಬಂತು. ಮತ್ತೆ ಒತ್ತಿದರು, ಹೋಯಿತು. ಆಮೇಲೆ ಇನ್ನೂ ಬೇಗ ಬಂತು.

ಈ ಸಲ ತೋಂಟಯ್ಯ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದು ನಿಂತ.

"ನನ್ನ ಹಣೇಲಿ ದೀಕ್ಷೆ ಬರೆದಿಲ್ಲ ಅಜ್ಜಾ. ಈ ಬೆನ್ನು ಇಟ್ಕೊಂಡು ಇಲ್ಲಿ ಏನು ಮಾಡಲಿ? ಊರಿಗೆ ಹೋಗ್ತೀನಿ."

"ಹೋಗುವಿಯಂತೆ. ಇವತ್ತಿನ ನೀರು ಯಾರು ತರ್ತಾರೆ, ನಿಮ್ಮಪ್ಪನಾ? ನಡಿ, ನಾನೂ ಬರ್ತೀನಿ."

ಹೊಳೆಯಲ್ಲಿ ತೋಂಟಯ್ಯ ಸೊಂಟ ಬಗ್ಗಿಸಿ ಕೊಡ ತುಂಬಿದ. ಎಡಗೈಯೊಂದರಲ್ಲೇ ಅದನ್ನು ಎತ್ತಿ ಎಡ ಹೆಗಲಿಗೇರಿಸಿದ. ಮೈಯನ್ನು ಬಲಕ್ಕೆ ವಾಲಿಸಿಕೊಂಡು ಮೆಟ್ಟಿಲು ಹತ್ತತೊಡಗಿದ. ಅಜ್ಜ ಹಿಂದಿನಿಂದ ನೋಡುತ್ತಾ ಬಂದರು.

"ಬಲಗೈಗೆ ಏನಾಗಿದೆಯೋ?"

"ಮಾಲೆ ಇದೆಯಲ್ಲ ಅಜ್ಜಾ! ಎಚ್ಚರ ಇರುವಷ್ಟು ಹೊತ್ತೂ ಬಲಗೈಯಿಂದ ರುದ್ರಾಕ್ಷಿ ಇಳಿಸೋದಿಲ್ಲ ಅಂತ ಬಂದ ದಿನವೇ ಹರಕೆ ಹೊತ್ತಿದ್ದೀನಿ." ಅವನ ಮುಖದಲ್ಲಿ ಹೆಮ್ಮೆಯಿತ್ತು.

"ಕಸ ಗುಡಿಸೋದು?"

"ಎಡಗೈಲಿ."

"ಸೌದೆ ಹೊರೋದು?"

"ಅದೂ ಎಡಗೈಲೇ ಅಜ್ಜಾ."

"ಭೇಷ್! ಬಲಗೈ ದೇವರಿಗೆ, ಕೂಲಿಯೆಲ್ಲ ಬೆನ್ನಿಗೆ! ಕೊಡು ಇಲ್ಲಿ ಮಾಲೆ."

ತೋಂಟಯ್ಯ ಬಲಗೈಯನ್ನು ಹಿಂದಕ್ಕೆ ಎಳೆದುಕೊಂಡ. "ಹರಕೆ ತಪ್ಪುತ್ತೆ ಅಜ್ಜಾ! ಪಾಪ ಬರುತ್ತೆ."

"ಬಂದ್ರೆ ನನ್ನ ಹತ್ರ ಕಳಿಸು. ಅದರ ಕೀಲೂ ಸರಿ ಮಾಡ್ತೀನಿ."

ಕೊನೆಗೆ ಅವನು ಮಾಲೆ ಕೊಟ್ಟ. ಅಜ್ಜ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡ ಕೊಡವನ್ನು ಅಲ್ಲೇ ಇಳಿಸಲು ಹೇಳಿದರು. ಆಶ್ರಮದಿಂದ ಎರಡು ಚಿಕ್ಕ ಬಿಂದಿಗೆ ತರಿಸಿ ಎರಡು ಕೈಗೂ ಒಂದೊಂದು ಕೊಟ್ಟರು.

"ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಇಷ್ಟು ಮಾಡಿ ನೋಡು. ಆಮೇಲೂ ಊರಿಗೆ ಹೋಗಬೇಕು ಅನ್ನಿಸಿದ್ರೆ ಗಂಟು ನಾನೇ ಹೊತ್ಕೊಂಡು ಬಂದು ಬಿಟ್ಟುಬರ್ತೀನಿ."

ತೋಂಟಯ್ಯನಿಗೆ ಮೊದಮೊದಲು ಬಲಗೈ ಬರಿದೆನಿಸಿ ಜೀವ ಚುರ್ ಎನ್ನುತ್ತಿತ್ತು. ಬೆರಳುಗಳು ತಾವಾಗಿಯೇ ಮಣಿ ಹುಡುಕುತ್ತಿದ್ದವು. ಆದರೂ ಅಜ್ಜ ಹೇಳಿದ ಹಾಗೇ ನೀರು ತಂದ, ಹಾಗೇ ಕಸ ಗುಡಿಸಿದ. ನಡುವೆ ಅಜ್ಜ ಒಮ್ಮೆ ಬೆನ್ನು ಒತ್ತಿಕೊಟ್ಟರು. ಮತ್ತೆ ಒತ್ತುವ ಕೆಲಸ ಬೀಳಲಿಲ್ಲ.

ಒಂದು ಬೆಳಿಗ್ಗೆ ಮಂಗಳಾರತಿಯ ತಟ್ಟೆ ಮುಂದೆ ಬಂದಾಗ ತೋಂಟಯ್ಯ ಬೆಚ್ಚಿ ನೋಡಿದ. ಪೂಜೆ ಮುಗಿದಿತ್ತು. ಅವನು ಕೂತೇ ಇದ್ದ, ನೆಟ್ಟಗೆ! ನಗು ಬಂತು, ಜೊತೆಗೇ ಅಳುವೂ ಬಂತು.

"ನಾಳೆ ಮಿಂದು ಬಾ, ದೀಕ್ಷೆ ಕೊಡ್ತೀನಿ," ಎಂದರು ಅಜ್ಜ.

ತೋಂಟಯ್ಯ ಅವರ ಕಾಲಿಗೆ ಬಿದ್ದ. ಎದ್ದವನು ಹಿಂಜರಿಯುತ್ತಲೇ ಬಲಗೈ ಚಾಚಿದ. "ಹಾಗಾದ್ರೆ... ನನ್ನ ಮಾಲೆ ಅಜ್ಜಾ?"

ಅಜ್ಜ ಅವನ ಹಿಂದೆ ಬಂದು ನಿಂತರು. ಕತ್ತಿನ ಬುಡದಿಂದ ಸೊಂಟದವರೆಗೆ, ಬೆನ್ನುಮೂಳೆಯ ಒಂದೊಂದೇ ಗಂಟನ್ನು ಮುಟ್ಟುತ್ತಾ ನಿಧಾನವಾಗಿ ಬೆರಳಿಳಿಸಿದರು.

"ಇಲ್ಲೇ ಇದೆಯಲ್ಲೋ, ಆ ದೇವರೇ ಪೋಣಿಸಿ ಕಳಿಸಿದ್ದು. ಮೊದಲು ಇದನ್ನು ನೋಡ್ಕೋ, ಆ ರುದ್ರಾಕ್ಷಿ ಎಲ್ಲೂ ಓಡಿಹೋಗಲ್ಲ."