ಹೊಳೆಗೆ ಬಿಟ್ಟ ಹನುಮ

ಹಗರಿ ಹೊಳೆಯ ದಂಡೆಯಲ್ಲಿ ಹೊನ್ನೂರಪ್ಪಜ್ಜನೆಂಬ ತೊಗಲುಗೊಂಬೆಯಾಟದ ಗುರುವಿದ್ದ. ಅವನಿಗೆ ಓಬಳೇಶನೆಂಬ ಒಬ್ಬನೇ ಶಿಷ್ಯ.

ಅವರ ಮೇಳದಲ್ಲಿ ಹನುಮನ ಗೊಂಬೆಯೊಂದಿತ್ತು. ಅಜ್ಜನ ಗುರು ಕೊರೆದದ್ದು. ಆ ಸೀಮೆಯಲ್ಲಿ ಅದನ್ನು ಅರಿಯದವರಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಅದರ ಚಿತ್ರ, ಬಸ್ ನಿಲ್ದಾಣದ ಕಮಾನಿನ ಮೇಲೂ ಅದರದೇ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ನಾಡಿನ ಹೆಮ್ಮೆ’ ಎಂದು ಬರೆದಿತ್ತು. ಒಂದು ದಿನವೂ ಆಟ ನೋಡದ ಮಹನೀಯರು ಆ ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಗೊಂಬೆಗೆ ವಯಸ್ಸಾಯಿತು. ತೊಗಲು ಒಣಗಿ ಭುಜ ಬಿರಿಯಿತು. ಕುಣಿಸಲು ಹೋದರೆ ತೋಳೇ ಕಿತ್ತು ಬರುವಂತಾಯಿತು.

ಆಡಲಾರದ ಗೊಂಬೆಗೆ ಪೂಜೆ ಮಾಡಿ ಹೊಳೆಗೆ ಬಿಡುವುದು ಆ ಮೇಳದ ಪದ್ಧತಿ. ಅದಕ್ಕೆ ಮೊದಲು ಶಿಷ್ಯ ಹೊಸದನ್ನು ಕೊರೆದಿರಬೇಕು.

“ಕೊರಿ,” ಎಂದ ಅಜ್ಜ.

ಅಷ್ಟರಲ್ಲಿ ಪೇಟೆಯ ಸಂಗ್ರಹಾಲಯದವರು ಬಂದರು. ಹಳೆಯ ಹನುಮನನ್ನು ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತೇವೆ ಎಂದರು. ಅಜ್ಜ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ. ಗೊಂಬೆ ಕೊಡಲಿಲ್ಲ.

ಓಬಳೇಶನಿಗೆ ಇದು ಸರಿಬರಲಿಲ್ಲ.

“ಅಜ್ಜಾರೆ, ಅದು ನಮ್ಮ ನಾಡಿನ ಗುರುತು. ಹೊಳೆಗೆ ಬಿಟ್ರೆ ನಾಳೆ ಮಕ್ಕಳಿಗೆ ಏನು ತೋರ್ಸೋದು?”

“ಆಟ ತೋರ್ಸು.”

ಶಿಷ್ಯ ಹೊಸ ಹನುಮನನ್ನು ಕೊರೆಯಲು ಕುಳಿತ. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಕಿರೀಟ, ಬಾಲ, ಕೈಕಡಗ ಎಲ್ಲವನ್ನೂ ಹಾಗೆಯೇ ಇಳಿಸಿದ. ಕಣ್ಣೊಂದು ಬಿಟ್ಟು ಎಲ್ಲ ಮುಗಿದ ಮೇಲೆ ಅಜ್ಜ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದ.

“ಮೊಣಕಾಲಿನ ಮೇಲೆ ಇದೇನೋ ಹೊಲಿಗೆ?”

“ಹಳೇದರಾಗ ಐತಲ್ರೀ.”

“ಅದು ಇಲಿ ಕಡಿದದ್ದಪ್ಪಾ. ನಾನೇ ಹೊಲಿದಿದ್ದೆ.”

ಓಬಳೇಶ ಪೆಚ್ಚಾದ. “ಕಮಾನಿನ ಚಿತ್ರದಾಗೂ ಹೊಲಿಗೆ ಬರೆದಾರೆ, ಅಜ್ಜಾರೆ. ಹೊಲಿಗೆ ಇಲ್ದಿದ್ರೆ ಇದು ನಮ್ಮ ಹನುಮಪ್ಪ ಅಂತ ಜನ ಒಪ್ತಾರಾ?”

ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಲಂಕೆ ಸುಟ್ಟವನಿಗೆ ಇಲಿ ಕಡಿದದ್ದೇ ಗುರುತಾತಲ್ಲೋ! ಬಿಚ್ಚು ಅದನ್ನ. ಕಣ್ಣು ಮಾತ್ರ ಹಳೇದನ್ನ ನೋಡಿ ಕೊರೀಬೇಡ. ನಿನ್ನ ಹನುಮಪ್ಪ ಹೆಂಗ ನೋಡ್ತಾನೋ ಹಂಗ ಕೊರಿ.”

ಕಣ್ಣಿಗೆ ಓಬಳೇಶ ಬಹಳ ಒದ್ದಾಡಿದ. ಉಳಿಯನ್ನು ಎತ್ತಿ ಎತ್ತಿ ಕೆಳಗಿಟ್ಟ. ಕೊನೆಗೂ ಕೊರೆದ. ಆದರೂ ಅವನಿಗೆ ತನ್ನ ಕೆಲಸದ ಮೇಲೆ ನಂಬಿಕೆ ಹುಟ್ಟಲಿಲ್ಲ. ತನ್ನದು ಬರೀ ತೊಗಲು, ಹಳೆಯದು ಮಾತ್ರ ಹನುಮ ಎಂದೇ ಅವನ ಮನಸ್ಸು ಹೇಳುತ್ತಿತ್ತು.

ಹೊಳೆಗೆ ಬಿಡುವ ದಿನ ಬೆಳಿಗ್ಗೆ ಅವನು ಒಂದು ಕೆಲಸ ಮಾಡಿದ. ಹಳೆಯ ಗೊಂಬೆಯನ್ನು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟ. ಹೊಸದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಮೊರದಲ್ಲಿಟ್ಟ. ಸಂಗ್ರಹಾಲಯದವರಿಗೆ ಆಮೇಲೆ ಗುಟ್ಟಾಗಿ ಹೇಳಿ ಕಳಿಸಿದರಾಯಿತು ಎಂದುಕೊಂಡ.

ದಂಡೆಯಲ್ಲಿ ಅಜ್ಜ ಅರಿಶಿನ ಹಚ್ಚಿ, ಹೂವಿಟ್ಟು ಮೊರವನ್ನು ಎತ್ತಿಕೊಂಡ. ಒಂದು ಗಳಿಗೆ ಬಟ್ಟೆಯ ಗಂಟಿಗೆ ಮುಖವಿಟ್ಟು ನಿಂತ. ಆಮೇಲೆ ಮೊರವನ್ನು ನೀರಿಗೆ ಬಿಟ್ಟ.

ಮೊರ ತೇಲಿ ದೂರ ಸರಿಯಿತು. ಗಾಳಿಗೆ ಬಟ್ಟೆಯ ಅಂಚು ಜಾರಿತು. ಬಿಸಿಲಿನಲ್ಲಿ ಓಬಳೇಶನಿಗೆ ಹನುಮನ ಒಂದು ಕಣ್ಣು ಕಂಡಿತು, ತಾನು ಅಷ್ಟು ಒದ್ದಾಡಿ ಕೊರೆದ ಕಣ್ಣು.

ಅವನು ಉಟ್ಟ ಬಟ್ಟೆಯಲ್ಲೇ ಹೊಳೆಗೆ ಹಾರಿದ.

ನೀರು ಕುಡಿದು, ಕೆಮ್ಮುತ್ತ, ಗೊಂಬೆಯನ್ನು ಎದೆಗೆ ಅವುಚಿಕೊಂಡು ದಂಡೆಗೆ ಬಂದ. ಗೊಂಬೆಯ ಬಣ್ಣ ಕರಗಿರಲಿಲ್ಲ. ಅದನ್ನು ನೋಡಿ ಅವನಿಗೆ ಅಳು ಬಂತು.

“ತಪ್ಪಾತು, ಅಜ್ಜಾರೆ. ಇದು ನಂದು. ಹಳೇದು ನನ್ನ ಪೆಟ್ಟಿಗೆಯಾಗೈತೆ.”

“ಹೋಗಿ ತಾ.”

ಓಡಿಹೋಗಿ ತಂದ. ಅಜ್ಜ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ನೀನೇ ಬಿಡು,” ಎಂದ.

ಓಬಳೇಶ ಸೊಂಟದಷ್ಟು ನೀರಿನಲ್ಲಿ ನಿಂತು ಹಳೆಯ ಹನುಮನನ್ನು ಎರಡೂ ಕೈಯಿಂದ ಬಿಟ್ಟ. ಅದು ಹೊರಳಿ, ಹರಿವಿಗೆ ಸಿಕ್ಕಿ ಹೋಯಿತು. ಅಜ್ಜ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ತನ್ನ ಗುರುವಿನ ಕೈಗೆಲಸ ಅದು, ಅವನಿಗೂ ಸಂಕಟವಾಗಿತ್ತು.

ಇಬ್ಬರೂ ದಂಡೆಯ ಮೇಲೆ ಕುಳಿತರು. ನಡುವೆ ಹೊಸ ಗೊಂಬೆ ಒಣಗುತ್ತಿತ್ತು.

“ಮೊರದಾಗ ಇದ್ದದ್ದು ಇದೇ ಅಂತ ನಿಮಗೆ ಗೊತ್ತಿತ್ತೇನ್ರೀ?”

“ಹಳೇದು ದೀಪದ ಹೊಗೆ ಕುಡಿದಿತ್ತು. ಇದು ಇನ್ನೂ ತೊಗಲು ನಾರ್ತೈತೆ. ಗೊತ್ತಾಗ್ದೆ ಇರ್ತೈತಾ?”

“ಗೊತ್ತಿದ್ದೂ ನೀರಿಗೆ ಬಿಟ್ರಿ. ನಾನು ಹಾರದೆ ಸುಮ್ನೆ ನಿಂತಿದ್ರೆ ಏನ್ಮಾಡ್ತಿದ್ರಿ?”

ಅಜ್ಜ ಗೊಂಬೆಯನ್ನು ಬಿಸಿಲಿನ ಕಡೆಗೆ ಹೊರಳಿಸಿದ.

“ಆಟ ಇಲ್ಲಿಗೇ ಮುಗೀತು ಅಂತ ತಿಳ್ಕೊಂಡು, ಹಳೇದನ್ನ ನಾನೇ ಹೊತ್ಕೊಂಡು ಹೋಗಿ ಆ ಗಾಜಿನ ಪೆಟ್ಟಿಗೆಯಾಗ ಮಲಗಿಸಿ ಬರ್ತಿದ್ದೆ.”