ಜಾಗ ಕೇಳಿದ ಈರುಳ್ಳಿ

ಬೀಜ ಬಿತ್ತಿದ ನಲವತ್ತನೇ ದಿನ ಇದು ನಡೆಯಿತು. ಉಪ್ಪಿನಕಾಯಿಗೆ ಗೋಲಿ ಗಾತ್ರದ ಈರುಳ್ಳಿ ಬೇಕೆಂದು ನಾಗವೇಣಮ್ಮ ತಾರಸಿಯ ಕುಂಡದಲ್ಲಿ ಬೀಜವನ್ನು ಒತ್ತೊತ್ತಾಗಿ ಬಿತ್ತಿದ್ದರು. ಆ ಇಕ್ಕಟ್ಟಿಗೆ ನಡುವಿನ ಈರುಳ್ಳಿಯ ಮೈಯೆಲ್ಲ ಉರಿಯಿತು.

"ಎಷ್ಟು ಸಲ ಹೇಳಬೇಕು? ಆಚೆ ಸರಿಯಿರಿ" ಎಂದು ಅದು ಅಕ್ಕಪಕ್ಕದವರ ಮೇಲೆ ಹರಿಹಾಯ್ದಿತು.

"ಸರಿಯುವುದಕ್ಕೆ ನಮಗೇನು ಕಾಲಿದೆಯೇ, ಮಾರಾಯ?" ಎಂದಿತು ಪಕ್ಕದ ಈರುಳ್ಳಿ. "ಒತ್ತಾಗಿದ್ದರೆ ಚಿಕ್ಕವರಾಗಿಯೇ ಇರುತ್ತೇವೆ. ಚಿಕ್ಕವರು ಭರಣಿಯಲ್ಲಿ ವರ್ಷವಿಡೀ ಇಡಿಯಾಗಿ ಉಳಿಯುತ್ತಾರೆ. ದಪ್ಪಗಾದವರು ಅಂದೇ ಈಳಿಗೆಮಣೆಗೆ."

"ನಿನ್ನ ಪಾಠ ಯಾರಿಗೆ ಬೇಕು?" ಎಂದ ನಡುವಿನದು, ತಾರಸಿಯ ಗೋಡೆಯ ಮೇಲೆ ಕೂತಿದ್ದ ಕಾಗೆಯನ್ನು ಕೂಗಿತು. "ಕಾಗಣ್ಣ, ನನ್ನ ಸುತ್ತ ಇರುವ ಇವರನ್ನೆಲ್ಲ ಕಿತ್ತು ಬಿಸಾಡು."

ಕಾಗೆ ಕಿತ್ತು ಬಿಸಿಲಿಗೆ ಎಸೆಯಿತು. ಅವು ಸಂಜೆಯೊಳಗೆ ಒಣಗಿ ಹೋದವು. ನಡುವಿನದು ಸಿಕ್ಕ ಜಾಗದಲ್ಲಿ ಆರಾಮವಾಗಿ ಉಬ್ಬುತ್ತಾ ಹೋಗಿ ಮುಷ್ಟಿಯಷ್ಟಾಯಿತು.

ಕೊಯ್ಲಿನ ದಿನ ಅಂಚಿನಲ್ಲಿ ಉಳಿದಿದ್ದ ಚಿಕ್ಕವೆಲ್ಲ ಭರಣಿಗೆ ಇಳಿದವು. ದೊಡ್ಡದು ಭರಣಿಯ ಬಾಯಿಗೇ ಸಿಕ್ಕಿಕೊಂಡಿತು.

"ಈ ದರಿದ್ರ ಭರಣಿಯನ್ನು ಮೊದಲು ಒಡೆದು ಹಾಕಿ" ಎಂದು ಅದು ರೇಗಿತು.

ನಾಗವೇಣಮ್ಮ ಅದನ್ನು ಎಳೆದು ತೆಗೆದು ಈಳಿಗೆಮಣೆಯ ಮುಂದೆ ಕೂತರು. ಆ ದಿನದ ಹುಳಿಗೆ ಇಪ್ಪತ್ತನಾಲ್ಕು ಹೋಳು ಬಿದ್ದವು.